ಕರ್ಬೂಜದ ಪಾನಕ, ಬೀಗರ ಮೌನ

ಗಂಡಿನ ತಂದೆ ಪಾನಕವನ್ನು ಗಟಗಟನೆ ಕುಡಿದು ಲೋಟ ಕೆಳಗಿಟ್ಟವರು, ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ನಿಂತುಬಿಟ್ಟರು. ಬಾಗಿಲ ಮರೆಯಲ್ಲಿದ್ದ ಅಮ್ಮ, “ಅಷ್ಟೊಂದು ಶುಂಠಿ ಯಾಕೆ ಹಾಕ್ದೆ ಕಣೇ? ಬಂದ ಸಂಬಂಧ ಹೋಯ್ತು!” ಎಂದು ನನ್ನ ತೋಳು ಚಿವುಟಿದರು.

ಅರವತ್ತರ ದಶಕದ ಒಂದು ಬೇಸಿಗೆ. ರಾಜಾನುಕುಂಟೆಯಿಂದ ಯಲಹಂಕದ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಬಿಸಿಲಲ್ಲಿ ಬರುವವರಿಗೆಂದು ನಾನು ಕರ್ಬೂಜದ ಹಣ್ಣು ಕಿವುಚಿ, ಬೆಲ್ಲ ಕರಗಿಸಿ, ಹಸಿಶುಂಠಿ ಜಜ್ಜಿ ರಸ ಹಿಂಡಿ, ಮಣ್ಣಿನ ಹೂಜಿಯಲ್ಲಿ ತಣ್ಣಗೆ ಇಟ್ಟಿದ್ದೆ. ಆದರೆ ಗಂಡಿನ ತಂದೆ ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಅಪ್ಪ ಮಳೆ, ಬೆಳೆ, ದನಕರು ಎಂದು ಏನು ಕೇಳಿದರೂ ತಲೆಯಾಡಿಸುವುದಷ್ಟೇ. ಆಗಾಗ ಭುಜ ಮಾತ್ರ ಕುಪ್ಪಳಿಸುತ್ತಿತ್ತು. ಅದನ್ನು ಸಿಟ್ಟೆಂದೇ ನಾವೆಲ್ಲ ತಿಳಿದೆವು.

ಎದ್ದು ನಿಂತವರು ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾದರು. ಆಮೇಲೆ ಮುಖವರಳಿಸಿ, “ನಿಂತೋಯ್ತು ಕಣ್ರೀ!” ಎಂದು ಕೂಗಿದರು.

ಅಪ್ಪ ಗಾಬರಿಯಿಂದ, “ಏನ್ ನಿಂತೋಯ್ತು ಯಜಮಾನ್ರೇ? ಮದುವೇನಾ?” ಎಂದರು.

“ಬಿಕ್ಕಳಿಕೆ! ಬೆಳಗ್ಗೆಯಿಂದ ಬಿಡ್ತಾನೇ ಇರ್ಲಿಲ್ಲ. ಬೀಗರ ಮನೇಲಿ ಬಾಯ್ಬಿಟ್ರೆ ಮಾನ ಓಗುತ್ತೆ ಅಂತ ಇಂಗೆ ಬಿಗಿಯಾಗಿ ಮುಚ್ಕೊಂಡು ಕೂತಿದ್ದೆ. ಈ ಮಗಳ ಶುಂಠಿ ನನ್ನ ಉಳಿಸ್ತು. ಇನ್ನೊಂದ್ ಲೋಟ ಕೊಡವ್ವಾ!”

ಆ ಬೇಸಿಗೆಯಲ್ಲೇ ಮದುವೆಯಾಯಿತು. ನನ್ನ ಮಾವ ಊರಿಗೇ ದೊಡ್ಡ ಮಾತುಗಾರರೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಅವರು ಬಾಯಿ ಮುಚ್ಚಿ ಕೂತದ್ದನ್ನು ನಾನು ಕಂಡಿದ್ದು ಆ ಒಂದು ಮಧ್ಯಾಹ್ನ ಮಾತ್ರ.