ಸೆಲ್ಫ್ ಕೂಡಿಸಿದ ಮಿಸ್ತ್ರಿ

ಶಹಾಪುರದ ಆ ಮಿಸ್ತ್ರಿ ಏನು ಕೇಳಿದರೂ ಎಂಜಿನ್ನಿನ ಮೇಲೆ ಅಂಗೈ ಇಟ್ಟು, “ಆಗ್ತದ್ರಿ, ತಡೀರಿ” ಎನ್ನುತ್ತಿದ್ದ. ಆ ವರ್ಷ ನನ್ನ ಬಲಭುಜ ಉಳುಕಿ, ಪಂಪಿನ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆಯಲಾಗದೆ, ನೀರಿಲ್ಲದೆ ಹತ್ತಿ ಬಾಡುತ್ತಿತ್ತು. ದುಡಿದು ತಿಂದ ಮೈ. ಕೈಲಾಗದೆಂದು ಹೇಳಲು ಬಾಯಿ ಬರಲಿಲ್ಲ. ಎಂಜಿನ್ ಗಾಡಿಗೆ ಹಾಕಿಸಿ ಅವನ ಅಂಗಡಿಗೆ ಒಯ್ದೆ.

“ನಮ್ಮಾಕಿ ಕೈಲೆ ಹಗ್ಗ ಎಳ್ಯಾಕ ಆಗವಲ್ದು. ಸೆಲ್ಫ್ ಕೂಡಿಸಿಕೊಡಪಾ” ಎಂದೆ.

“ಹೌದ್ರಿ, ಹೆಣ್ಮಕ್ಕಳಿಗಿ ತ್ರಾಸ. ಆಗ್ತದ್ರಿ, ತಡೀರಿ. ಚಾ ಕುಡೀರಿ.”

ನಾನು ಎಡಗೈಯಲ್ಲಿ ಕಪ್ಪು ಹಿಡಿದೆ. ಅವನು ಒಮ್ಮೆ ನೋಡಿದ. ಹಳೆಯ ಸ್ಕೂಟರಿನ ಸ್ಟಾರ್ಟರ್ ಮೋಟರ್ ತಂದು ಎಂಜಿನ್ನಿಗೆ ಜೋಡಿಸಿ, ಬ್ಯಾಟರಿ ಕಟ್ಟಿದ.

“ಅಕ್ಕಾರಿಗಿ ಹೇಳ್ರಿ, ಇನ್ನ ಬಟನ್ ಒತ್ತಿದ್ರ ಸಾಕು.”

ಹೊಲಕ್ಕೆ ತಂದು ನೋಡಿದರೆ ಬಟನ್ ಎಡಗಡೆಗಿತ್ತು, ನನ್ನ ಎಡಗೈಗೆ ಸರಿಯಾಗಿ ಸಿಗುವಂತೆ. ನನ್ನ ಹೆಂಡತಿ ಎಲ್ಲ ಕೆಲಸವನ್ನೂ ಬಲಗೈಯಲ್ಲೇ ಮಾಡುವವಳು.