ಹಳೇ ಸೂಜಿಯ ಉತ್ತರ

ನಾಯಿ ಬೆಕ್ಕುಗಳ ಡಾಕ್ಟರಾಗಿ ತಲೆ ನರೆಸಿಕೊಂಡವರಿಗೆ ಮಧ್ಯಾಹ್ನದ ಊಟವಾದ ಮೇಲೆ ಏನಾದರೂ ಒಂದು ಸುಖ ಬೇಕಲ್ಲ? ಕೆಲವರು ಮಲಗುತ್ತಾರೆ, ಕೆಲವರು ಹೆಂಡತಿಯ ಜೊತೆ ಜಗಳ ತೆಗೆಯುತ್ತಾರೆ. ನಮ್ಮ ದೊಡ್ಡ ಡಾಕ್ಟರಿಗೆ ಮಾತ್ರ ಪಶುವೈದ್ಯರ ವೆಬ್‌ಸೈಟೇ ಬೇಕು. ಕೆಳಗೆ ಆಸ್ಪತ್ರೆ, ಮೇಲೆ ಮನೆ. ಮೇಲಿನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ, ಕನ್ನಡಕವನ್ನು ಹಣೆಗೇರಿಸಿ, ಟ್ಯಾಬ್ಲೆಟ್ಟನ್ನು ಮೂಗಿಗೆ ತಾಗುವಂತೆ ಹಿಡಿದರೆಂದರೆ ಮನೆಯವರು ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ.

ಆ ವೆಬ್‌ಸೈಟಿನಲ್ಲಿ ಅವರ ಕಸುಬಿನ ಸುದ್ದಿಯೆಲ್ಲ ಬರುತ್ತಿತ್ತು. ಯಾವ ಔಷಧವನ್ನು ಕಂಪನಿ ವಾಪಸ್ಸು ಕರೆಸಿಕೊಂಡಿದೆ, ಬೆಕ್ಕುಗಳ ಯಾವ ಜ್ವರಕ್ಕೆ ಹೊಸ ಲಸಿಕೆ ಬಂದಿದೆ, ಯಾವ ಆಸ್ಪತ್ರೆಗೆ ಡಾಕ್ಟರು ಬೇಕಾಗಿದ್ದಾರೆ, ಎಲ್ಲ. ದೊಡ್ಡ ಡಾಕ್ಟರು ಅದನ್ನೆಲ್ಲ ಹಾಗೇ ಕಣ್ಣಾಡಿಸಿ ಬಿಟ್ಟು ನೇರ ಪ್ರಶ್ನೋತ್ತರಕ್ಕೆ ಹೋಗುತ್ತಿದ್ದರು. ಅಲ್ಲಿ ಎಲ್ಲೆಲ್ಲಿನ ಡಾಕ್ಟರುಗಳೋ ಹೆಸರು ಹೇಳದೆ ತಮಗೆ ತಿಳಿಯದ್ದನ್ನು ಕೇಳುತ್ತಾರೆ, ತಿಳಿದವರು ಅಡ್ಡಹೆಸರಿನಲ್ಲಿ ಉತ್ತರ ಬರೆಯುತ್ತಾರೆ. ಇವರ ಅಡ್ಡಹೆಸರು ‘ಹಳೇ ಸೂಜಿ’. ಹಳೇ ಸೂಜಿಗೆ ಉತ್ತರವೂ ಗೊತ್ತು, ಚುಚ್ಚುವುದೂ ಗೊತ್ತು. ಯಾರಾದರೂ ಪೆದ್ದು ಪ್ರಶ್ನೆ ಕೇಳಿದರೋ, ಅವರ ನೀರಿಳಿಸಿ, ಆಮೇಲೆ ಔಷಧ, ಪ್ರಮಾಣ, ಎಚ್ಚರಿಕೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು. ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳು ಸಾಲುಸಾಲಾಗಿ ಏಳುತ್ತಿದ್ದವು. ಅದನ್ನು ನೋಡಿ ಈ ವಯಸ್ಸಾದ ಮನುಷ್ಯ ಗಟ್ಟಿಯಾಗಿ ನಗುತ್ತಿದ್ದ ನಗು ಮೆಟ್ಟಿಲಿಳಿದು ಕೆಳಗಿನ ಆಸ್ಪತ್ರೆಗೂ ಕೇಳುತ್ತಿತ್ತು.

ಕೆಳಗೆ ಇದ್ದವಳು ಸೊಸೆ. ರಕ್ತ ಕಂಡರೆ ತಲೆ ತಿರುಗುವ ಮಗ ಲೆಕ್ಕದ ಮೇಷ್ಟ್ರಾಗಿ ಅಪ್ಪನ ಆಸೆಗೆ ತಣ್ಣೀರೆರಚಿದ್ದ. ಆದರೆ ಅವನೇ ಪಶುವೈದ್ಯೆಯೊಬ್ಬಳನ್ನು ಮೆಚ್ಚಿ ಮದುವೆಯಾದಾಗ ದೊಡ್ಡ ಡಾಕ್ಟರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬೋರ್ಡಿನ ಮೇಲೆ ತಮ್ಮ ಹೆಸರಿನ ಕೆಳಗೆ ಅವಳ ಹೆಸರು ಬರೆಸಿದರು. ಬಂದವರಿಗೆಲ್ಲ “ಇದೆಲ್ಲ ನಾಳೆ ಅವಳದ್ದೇ” ಎಂದರು. ಅದು ಬರೀ ಬಾಯಿಮಾತೂ ಅಲ್ಲ. ಕಣ್ಣು ಮಂಜಾಗುತ್ತಿತ್ತು, ಬೆರಳು ಮೊದಲಿನಂತಿರಲಿಲ್ಲ. ಅವಳು ನಿಂತರೆ ಆಸ್ಪತ್ರೆ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ಏನು ಮಾಡುತ್ತಿದ್ದರು ಕೇಳಿ. ಅವಳು ಕತ್ತರಿ ಹಿಡಿದು ಒಂದು ಉಸಿರಿನಷ್ಟು ಯೋಚಿಸಿದರೆ ಸಾಕು, “ಕೊಡು ಇಲ್ಲಿ” ಅನ್ನುತ್ತಿದ್ದರು. ಬೈಗುಳವಿಲ್ಲ, ಕೂಗಾಟವಿಲ್ಲ. ಕೈ ಮುಂದೆ ಬರುತ್ತಿತ್ತು, ಕತ್ತರಿ ಅವಳ ಬೆರಳಿಂದ ಜಾರುತ್ತಿತ್ತು, ಕೆಲಸ ಮುಗಿಯುತ್ತಿತ್ತು. ಅವಳು ದೀಪ ಹಿಡಿಯುತ್ತಿದ್ದಳು, ಹತ್ತಿ ಕೊಡುತ್ತಿದ್ದಳು. ಜನ ಅವಳನ್ನು ಡಾಕ್ಟರು ಅನ್ನುತ್ತಿರಲಿಲ್ಲ, ‘ಡಾಕ್ಟರ ಸೊಸೆ’ ಅನ್ನುತ್ತಿದ್ದರು. ಮೊದಮೊದಲು ಅವಳು ತಿದ್ದುತ್ತಿದ್ದಳು, ಆಮೇಲೆ ಬಿಟ್ಟುಬಿಟ್ಟಳು.

ಆ ದಿನವೂ ಊಟ ಮುಗಿಸಿ ಹಳೇ ಸೂಜಿ ಕುರ್ಚಿಗೆ ಒರಗಿತು. ಆಗಷ್ಟೇ ಬಂದ ಒಂದು ಪ್ರಶ್ನೆ ಮೇಲೇ ಇತ್ತು. “ಏಳು ವರ್ಷದ ಹೆಣ್ಣು ನಾಯಿ. ಊಟ ಬಿಟ್ಟಿದೆ, ವಾಂತಿ, ವಿಪರೀತ ನೀರು ಕುಡಿಯುತ್ತಿದೆ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸ್ವಲ್ಪ ಕೆಟ್ಟಂತಿದೆ. ಡ್ರಿಪ್ ಹಾಕಿದ್ದೇನೆ, ಚೇತರಿಕೆ ಕಾಣುತ್ತಿಲ್ಲ...” ಜೊತೆಗೆ ಒಂದು ಫೋಟೋ: ಡ್ರಿಪ್ಪಿನ ಸೂಜಿ ಚುಚ್ಚಿದ ಕಂದು ಬಣ್ಣದ ಮುಂಗಾಲು. ಅದರ ಕೆಳಗೆ ‘ಮುಂದೆ ಓದಿ’ ಅಂತ ಇತ್ತು. ಮುಂದೆ ಯಾರು ಓದುತ್ತಾರೆ? ಇಷ್ಟು ಓದುವಷ್ಟರಲ್ಲೇ ಹಳೇ ಸೂಜಿಗೆ ಬಾಯಲ್ಲಿ ನೀರೂರಿತ್ತು.

“ಸ್ವಾಮಿ, ರಕ್ತದ ಚೀಟಿ ಓದುವ ಮುಂಚೆ ನಾಯಿಯ ಬಾಲ ಎತ್ತಿ ನೋಡಿ. ಹೆಣ್ಣು ಅಂತೀರಿ. ಹೆಣ್ಣಿಗೆ ಗರ್ಭಕೋಶ ಅಂತ ಒಂದು ಇರುತ್ತದೆ, ಅದರಲ್ಲಿ ಕೀವು ತುಂಬಿದರೆ ಹೀಗೇ ಆಗುವುದು. ಕಾಲೇಜಿನಲ್ಲಿ ಈ ಪಾಠದ ದಿನ ಸಿನಿಮಾಕ್ಕೆ ಹೋಗಿದ್ದಿರಾ? ಈಗಲೇ ಹೊಟ್ಟೆ ತೆರೆಯಿರಿ. ಕೈ ನಡುಗುವುದಾದರೆ ಡಿಗ್ರಿಯನ್ನು ಕೊಟ್ಟವರಿಗೇ ವಾಪಸ್ಸು ಕೊಟ್ಟು ಬೇರೆ ಕಸುಬು ನೋಡಿಕೊಳ್ಳಿ. ನಾಯಿಗಳು ನಿಮ್ಮನ್ನು ಹರಸುತ್ತವೆ.” ಆಮೇಲೆ ಎಂದಿನಂತೆ ಡ್ರಿಪ್ ಎಷ್ಟು, ಆಂಟಿಬಯಾಟಿಕ್ ಯಾವುದು, ಅರಿವಳಿಕೆಯಲ್ಲಿ ಏನು ಎಚ್ಚರ, ಯಾವ ರಕ್ತನಾಳವನ್ನು ಮೊದಲು ಕಟ್ಟಬೇಕು ಎಲ್ಲವನ್ನೂ ಬರೆದು ಕಳಿಸಿದರು.

ಹೆಬ್ಬೆರಳುಗಳು ಎದ್ದವು. ನಗುವ ಮುಖಗಳು ಬಂದವು. “ಸಿನಿಮಾದ ಮಾತು ಸೂಪರ್ ಸರ್” ಎಂದು ಯಾರೋ ಬರೆದರು. ಅದರ ನಡುವೆ ಒಬ್ಬ ಬಡಪಾಯಿ, “ಸರ್, ಅವರು ಗರ್ಭಕೋಶದ ಬಗ್ಗೆಯೇ ಕೇಳಿದ್ದಾರಲ್ಲ, ಪೂರ್ತಿ ಓದಿದಿರಾ?” ಎಂದು ಕೇಳಿದ್ದ. ಇವನೊಬ್ಬ ಬಂದ ಅಂದುಕೊಳ್ಳುತ್ತ ದೊಡ್ಡ ಡಾಕ್ಟರು ‘ಮುಂದೆ ಓದಿ’ಯನ್ನು ಒತ್ತಿದರು.

“...ನನಗೆ ಗರ್ಭಕೋಶದ ಕೀವು ಅಂತಲೇ ಅನುಮಾನ. ಆದರೆ ಮರಿಯಿದ್ದಾಗಲೇ ಗರ್ಭಕೋಶ ತೆಗೆಸಿದೆ ಅಂತ ಮನೆಯವರು ಹೇಳುತ್ತಾರೆ. ಹೊಟ್ಟೆಯ ಮೇಲೆ ಹಳೇ ಹೊಲಿಗೆಯ ಗುರುತೂ ಇದೆ. ಸ್ಕ್ಯಾನ್ ಯಂತ್ರ ರಿಪೇರಿಗೆ ಹೋಗಿದೆ. ಮನೆಯವರ ಮಾತಿಗಿಂತ ನನ್ನ ಅನುಮಾನವನ್ನೇ ನಂಬಿ ಹೊಟ್ಟೆ ತೆರೆಯಬಹುದೇ? ತಿಳಿದವರು ದಯವಿಟ್ಟು ಹೇಳಿ.”

ಪ್ರಶ್ನೆ ಪೆದ್ದಾಗಿರಲಿಲ್ಲ. ಒಳ್ಳೆಯ ಡಾಕ್ಟರು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಛೆ, ಅಂದುಕೊಂಡು ಅವರು ಫೋಟೋವನ್ನು ದೊಡ್ಡದು ಮಾಡಿದರು. ನಾಯಿಯ ಕಾಲಿನ ಕೆಳಗೆ ಹಾಸಿದ್ದ ಬಟ್ಟೆಯಲ್ಲಿ ಹಳದಿ ಬಾತುಕೋಳಿಗಳಿದ್ದವು. ಅದು ಅವರ ಮೊಮ್ಮಗಳ ತೊಟ್ಟಿಲಿನ ಹಾಸು. ಮಗು ಬೆಳೆದ ಮೇಲೆ ಅವರ ಹೆಂಡತಿಯೇ ಅದನ್ನು ಆಸ್ಪತ್ರೆಯ ಮೇಜಿಗೆಂದು ಕೊಟ್ಟಿದ್ದರು.

ದೊಡ್ಡ ಡಾಕ್ಟರ ಕಿವಿ ಬಿಸಿಯಾಯಿತು. ಊಟಕ್ಕೆ ಕೂತಿದ್ದಾಗ ಸೊಸೆ ಬಂದು ಬಾಗಿಲಲ್ಲಿ ನಿಂತದ್ದು, “ಮಾವ, ಕೆಳಗೊಂದು ನಾಯಿ...” ಎಂದದ್ದು, ತಾವು ತಟ್ಟೆಯಿಂದ ತಲೆ ಎತ್ತದೆ “ಅಷ್ಟೂ ಗೊತ್ತಾಗಲ್ವಾ? ಇರು, ಊಟ ಮಾಡಿ ಬರ್ತೀನಿ, ನೀನೇನೂ ಮುಟ್ಟಬೇಡ” ಎಂದದ್ದು ಒಂದೊಂದಾಗಿ ನೆನಪಾಯಿತು. ಊಟ ಮಾಡಿದ್ದರು. ಬಂದಿರಲಿಲ್ಲ. ಬರೆದದ್ದನ್ನು ಅಳಿಸಲು ಹೋದರೆ ಆ ಹಾಳು ವೆಬ್‌ಸೈಟು ಬಿಡಲಿಲ್ಲ. ಉತ್ತರಕ್ಕೆ ಮೆಚ್ಚುಗೆ ಬಿದ್ದ ಮೇಲೆ ಅಳಿಸಲಾಗದು ಎಂದಿತು.

ಮೆಟ್ಟಿಲಿಳಿದು ಹೋದರೆ ಸೊಸೆ ಆಗಲೇ ನಾಯಿಯ ಹೊಟ್ಟೆಯ ಕೂದಲು ಬೋಳಿಸುತ್ತಿದ್ದಳು. ಮೂಲೆಯ ಸ್ಟೂಲಿನ ಮೇಲೆ ನಾಯಿಯ ಒಡತಿ ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. “ಮಾವ, ಗರ್ಭಕೋಶದಲ್ಲಿ ಕೀವಿದೆ ಅನ್ಸುತ್ತೆ. ಆಪರೇಶನ್ ಮಾಡ್ತೀನಿ” ಎಂದಳು ಸೊಸೆ. ಮುಖ ಕೆಂಪಾಗಿರಲಿಲ್ಲ, ಕಣ್ಣು ಒದ್ದೆಯಾಗಿರಲಿಲ್ಲ. ಆ ಶಾಂತ ಮುಖ ನೋಡಿ ದೊಡ್ಡ ಡಾಕ್ಟರಿಗೆ ಇನ್ನಷ್ಟು ನಾಚಿಕೆಯಾಯಿತು.

ಅವರು ಹೊಟ್ಟೆಯ ಮೇಲಿನ ಗುರುತು ನೋಡಿದರು. ಹೊಕ್ಕುಳ ಹತ್ತಿರ, ಗಿಡ್ಡಗೆ, ಒಂದು ಕಡೆ ಸೊಟ್ಟ. ಅದು ತಮ್ಮದೇ ಹೊಲಿಗೆ. ಟೈಲರಮ್ಮನ ತೀರಿಹೋದ ಗಂಡ ಇದನ್ನು ಅಂಗೈಯಗಲದ ಮರಿಯಾಗಿ ತಂದಿದ್ದ. ಹೊಕ್ಕುಳಲ್ಲಿ ಕರುಳು ಉಬ್ಬಿತ್ತು, ಒಳಗೆ ತಳ್ಳಿ ಹೊಲಿದು ಕಳಿಸಿದ್ದರು. ಮನೆಯಲ್ಲಿ ಅದನ್ನೇ ‘ಗರ್ಭಕೋಶದ ಆಪರೇಶನ್ ಆಗಿದೆ’ ಅಂದುಕೊಂಡಿದ್ದಾರೆ. ಒಂದು ಮಾತು, ಒಂದೇ ಮಾತು ಕೇಳಿಸಿಕೊಂಡಿದ್ದರೆ ಅವರು ಊಟದ ತಟ್ಟೆಯ ಮುಂದಿನಿಂದಲೇ ಹೇಳಿಬಿಡಬಹುದಿತ್ತು. ಲೋಕದಲ್ಲಿ ಆ ಉತ್ತರ ಗೊತ್ತಿದ್ದದ್ದು ಅವರೊಬ್ಬರಿಗೇ. ಅದನ್ನು ಬಿಟ್ಟು ಸಿನಿಮಾ, ಡಿಗ್ರಿ ಅಂತ ಬೇಡದ್ದನ್ನೆಲ್ಲ ಬರೆದಿದ್ದರು.

ಇಷ್ಟೆಲ್ಲ ತಿಳಿದ ಮೇಲಾದರೂ ಮನುಷ್ಯ ಕೈಕಟ್ಟಿ ನಿಲ್ಲಬೇಕೋ ಬೇಡವೋ? ಸೊಸೆ ಹೊಟ್ಟೆ ತೆರೆದಳು. ಕೀವು ತುಂಬಿ ಊದಿದ ಗರ್ಭಕೋಶ ಹೊರಬಂತು. ಅವಳು ಚೆನ್ನಾಗಿಯೇ ಮಾಡುತ್ತಿದ್ದಳು, ನಿಧಾನಕ್ಕೆ, ಹುಷಾರಾಗಿ. ಮೊದಲ ರಕ್ತನಾಳ ಕಟ್ಟುವಾಗ ದಾರ ತುಸು ಜಾರಿತು. ಅವಳು ಮತ್ತೆ ಹಿಡಿಯುವಷ್ಟರಲ್ಲಿ ಅವರ ಕೈ ಮುಂದೆ ಬಂದಾಗಿತ್ತು. “ಕೊಡು ಇಲ್ಲಿ.” ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಕೇಳಿಸಿತು. ಅವಳು ಕೊಟ್ಟಳು. ಕೊಟ್ಟು ದೀಪ ಹಿಡಿದಳು. ಅಲ್ಲಿಂದಾಚೆ ಕತ್ತರಿಯನ್ನು ವಾಪಸ್ಸು ಕೊಡುವುದಕ್ಕೂ ಅವರಿಗೆ ಮುಖವಿರಲಿಲ್ಲ. ಕೊನೆಯ ಹೊಲಿಗೆಯವರೆಗೂ ತಾವೇ ಮಾಡಿ ಮುಗಿಸಿದರು.

ನಾಯಿ ಬದುಕಿತು. ಎಚ್ಚರವಾಗಿ ಬಾಲ ಅಲ್ಲಾಡಿಸಿದಾಗ ಟೈಲರಮ್ಮ ದೊಡ್ಡ ಡಾಕ್ಟರ ಕೈ ಹಿಡಿದುಕೊಂಡು, “ನಿಮ್ಮ ಕೈಗುಣ ದೊಡ್ಡದು ಡಾಕ್ಟ್ರೇ. ನೀವು ಇಳಿದು ಬಂದ್ರಲ್ಲ, ಆಗಲೇ ನಂಗೆ ಧೈರ್ಯ ಬಂತು” ಎಂದಳು. ಕಾಯಿಲೆ ಕಂಡುಹಿಡಿದದ್ದು ನನ್ನ ಸೊಸೆ ಅಂತ ಹೇಳಬೇಕು. ಹೇಳಬೇಕು ಅಂದುಕೊಳ್ಳುತ್ತಲೇ ಅವರು “ಇರಲಿ ಬಿಡಮ್ಮ” ಎಂದರು.

ಟೈಲರಮ್ಮ ಹೋದ ಮೇಲೆ ಸೊಸೆ ತೊಟ್ಟಿಯಲ್ಲಿ ಸಾಮಾನು ತೊಳೆಯುತ್ತಿದ್ದಳು. ದೊಡ್ಡ ಡಾಕ್ಟರು ಅವಳ ಹಿಂದೆ ಬಂದು ನಿಂತರು.

“ನೋಡಮ್ಮ, ಆ ವೆಬ್‌ಸೈಟಲ್ಲಿ... ಹಳೇ ಸೂಜಿ ಅಂತ ಒಬ್ಬ ಇದ್ದಾನಲ್ಲ...”

“ನೀವೇ ಅಲ್ವಾ ಮಾವ” ಎಂದಳು ತಿರುಗಿ ನೋಡದೆ. “ನಂಗೆ ಯಾವಾಗ್ಲೋ ಗೊತ್ತು. ಊಟದ ಮೇಜಲ್ಲಿ ಹೇಳೋ ಜೋಕೇ ಅಲ್ಲೂ ಬರುತ್ತೆ. ನೀವು ಮೇಲೆ ನಕ್ಕ ತಕ್ಷಣ ಇಲ್ಲಿ ನನ್ನ ಫೋನಲ್ಲಿ ಉತ್ತರ ಬರುತ್ತೆ.”

ದೊಡ್ಡ ಡಾಕ್ಟರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ಗೊತ್ತಿದ್ದೂ ಅಲ್ಲಿ ಕೇಳಿದ್ಯಾ? ನಾನು ಮೇಲೇ ಇದ್ನಲ್ಲ!”

“ಗೊತ್ತಿದ್ದೇ ಕೇಳಿದ್ದು.” ನಲ್ಲಿ ನಿಲ್ಲಿಸಿ ಅವಳು ಕೈ ಒರೆಸಿಕೊಂಡಳು. “ಅಲ್ಲಿ ನೀವು ಬೈತೀರಿ, ಆದ್ರೆ ಪೂರ್ತಿ ಹೇಳಿಕೊಡ್ತೀರಿ. ಮೊದಲು ಯಾವುದನ್ನ ಕಟ್ಟು, ಆಮೇಲೆ ಯಾವುದನ್ನ ಅಂತ. ಇಲ್ಲಿ ಬೈಯೋದೂ ಇಲ್ಲ, ಹೇಳೋದೂ ಇಲ್ಲ. ಕಿತ್ಕೋತೀರಿ. ನಂಗೆ ಬಂದಿರೋ ಅರ್ಧ ವಿದ್ಯೆ ಹಳೇ ಸೂಜಿ ಹೇಳಿಕೊಟ್ಟಿದ್ದು ಮಾವ. ನೀವಲ್ಲ.”

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಹವಾಮಾನ ಹೇಳುವವರ ಹಾಗೆ ಹೇಳಿದಳು. ಅದೇ ಉಸಿರಿನಲ್ಲಿ, ಅದೇ ವೆಬ್‌ಸೈಟಿನ ಕೆಲಸದ ಪುಟದಲ್ಲಿ ನೋಡಿ ಇನ್ನೊಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದೇನೆ, ಗಂಡನಿಗೆ ಗೊತ್ತಿದೆ, ಅತ್ತೆಗೂ ಹೇಳಿದ್ದೇನೆ ಎಂದಳು. “ಆ ಆಸ್ಪತ್ರೆಯವರು ಇವತ್ತು ನಿಮಗೆ ಫೋನ್ ಮಾಡಬಹುದು. ಇದ್ದದ್ದು ಇದ್ದ ಹಾಗೆ ಹೇಳಿ, ಸಾಕು.” ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಯಜಮಾನರಿಗೊಬ್ಬರಿಗೆ ಗೊತ್ತಿರಲಿಲ್ಲ. ಹೇಳಿದರೆ ಕೇಳಿಸಿಕೊಳ್ಳುವ ಪ್ರಾಣಿಯಾದರೆ ತಾನೇ ಯಾರಾದರೂ ಹೇಳುವುದು.

ಮೇಲೆ ಹೋಗಿ ಅವರು ಆ ಉತ್ತರದ ಕೆಳಗೆ ಬರೆದರು: “ನಾನು ಪ್ರಶ್ನೆಯನ್ನು ಪೂರ್ತಿ ಓದದೆ ಬರೆದೆ. ಕೇಳಿದವರ ಅನುಮಾನ ಸರಿಯಾಗಿತ್ತು. ತಪ್ಪಾಯಿತು, ಕ್ಷಮಿಸಬೇಕು.” ಹಾಕಿದ ಕೂಡಲೇ ನಗುವ ಮುಖಗಳು ಬಂದವು. “ಹಳೇ ಸೂಜಿ ಕ್ಷಮೆ ಕೇಳೋದಾ! ಇದು ಈ ವರ್ಷದ ಜೋಕು” ಎಂದು ಒಬ್ಬ ಬರೆದ. ಅದಕ್ಕೂ ಹೆಬ್ಬೆರಳುಗಳು ಎದ್ದವು. ದೊಡ್ಡ ಡಾಕ್ಟರು ಟ್ಯಾಬ್ಲೆಟ್ಟನ್ನು ಮಗುಚಿಟ್ಟರು.

ಫೋನು ಬಂದಾಗ ಅವರು ಕೆಳಗೆ ಆಸ್ಪತ್ರೆಯಲ್ಲಿದ್ದರು. ಸೊಸೆ ಪಕ್ಕದ ಕೋಣೆಯಲ್ಲಿ ನಾಯಿಯ ಡ್ರಿಪ್ ಬದಲಾಯಿಸುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಆ ಕಡೆಯ ಹೆಂಗಸಿನ ದನಿ ಮರ್ಯಾದೆಯಿಂದ ಮಾತಾಡಿತು. “ನಿಮ್ಮ ಹೆಸರು ಕೇಳಿದ್ದೀನಿ ಸರ್. ಜಾಸ್ತಿ ಏನಿಲ್ಲ, ಒಂದೇ ಪ್ರಶ್ನೆ. ನಮ್ಮಲ್ಲಿ ಆಪರೇಶನ್ ಜಾಸ್ತಿ. ನಿಮ್ಮ ಸೊಸೆ ಒಬ್ಬರೇ ನಿಂತು ಮಾಡ್ತಾರಾ?”

ಎಲ್ಲೆಲ್ಲಿನವರಿಗೋ ಥಟ್ಟನೆ ಉತ್ತರ ಹೇಳುತ್ತಿದ್ದ ಮನುಷ್ಯ ಈಗ ಮನಸ್ಸಿನಲ್ಲೇ ತೂಗಿ ನೋಡತೊಡಗಿದರು. ಮಾಡುತ್ತಾಳೆ ಅನ್ನೋಣವೆಂದರೆ ಒಂದು ಸಲವೂ ನೋಡಿಲ್ಲ. ಬರುವುದಿಲ್ಲ ಅಂದುಬಿಟ್ಟರೆ ಅವಳು ಇಲ್ಲೇ ಉಳಿಯುತ್ತಾಳೆ, ಆಸ್ಪತ್ರೆಯೂ ಉಳಿಯುತ್ತದೆ. ಆ ಯೋಚನೆ ಬಂದೇ ಬಂತು, ಬಂದದ್ದಕ್ಕೆ ಅವರ ಮೇಲೆ ಅವರಿಗೇ ಹೇಸಿಗೆಯಾಯಿತು. ಪಕ್ಕದ ಕೋಣೆಯಲ್ಲಿ ಸೊಸೆಯ ಕೈ ನಿಂತಿತ್ತು.

“ಸರ್, ಕೇಳಿಸ್ತಿದೆಯಾ?”

“ಕೇಳಿಸ್ತಿದೆಯಮ್ಮ” ಎಂದರು. “ನಂಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ? ನಿಮ್ಮ ಜೊತೆಗೇ ಇದ್ದಾರಲ್ವಾ?”

“ಜೊತೆಗೇ ಇದ್ದಾಳೆ. ನಾನು ಇವತ್ತಿನವರೆಗೂ ಒಂದನ್ನೂ ಅವಳ ಕೈಯಲ್ಲಿ ಮುಗಿಸೋಕೆ ಬಿಟ್ಟಿಲ್ಲ. ಇವತ್ತೂ ಬಿಡಲಿಲ್ಲ.” ಅವರು ತೆರೆದ ಬಾಗಿಲಿನ ಕಡೆ ನೋಡಿದರು. “ಕಾಯಿಲೆ ಕಂಡುಹಿಡಿಯೋದ್ರಲ್ಲಿ ಅವಳು ನನಗಿಂತ ಮೇಲು. ಅದನ್ನ ಇವತ್ತು ನೋಡಿದೆ. ಕತ್ತರಿ ಕೊಟ್ಟು ನೋಡಿ, ನಡುವೆ ಕಿತ್ಕೋಬೇಡಿ. ಆಮೇಲೆ ಮಾಡ್ತಾಳೋ ಇಲ್ವೋ ಅಂತ ನೀವೇ ನನಗೆ ಹೇಳಿ.”