ಮುಂಡಪ್ಪಣ್ಣನ ಎಲೆ

ಪಾತ್ರೆ ಕೊಳ್ಳುವವರು ಮೊದಲು ಅದನ್ನು ಎತ್ತಿ ನೋಡುತ್ತಾರೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕೊನೆಗೆ ಮಗುಚಿ ತಳ ನೋಡುತ್ತಾರೆ. ಮೂಡುಬಿದಿರೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು ತಲೆ ನರೆತ ನನ್ನಂಥವನಿಗೆ ಮನುಷ್ಯರನ್ನು ನೋಡುವ ಕ್ರಮವೂ ಅದೇ ಆಗಿಬಿಡುತ್ತದೆ. ಕಾಂತಿಯಕ್ಕ: ಎತ್ತರ ಕಡಿಮೆ, ಅಗಲ ಧಾರಾಳ, ತೂಕ ಕಣ್ಣಳತೆಗಿಂತ ಹೆಚ್ಚು. ತಟ್ಟಿದರೆ ಕಂಚಿನ ಸದ್ದು. ಕಲ್ಲಡ್ಕದ ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು "ಎರಡು ಬನ್ಸ್, ಒಂದು ಚಾ" ಎಂದು ಅವರು ಒಳಗೆ ಕೂಗಿದರೆ, ಹೆದ್ದಾರಿಯ ಆಚೆ ನಿಂತ ಬಸ್ಸಿನವರಿಗೂ ಹಸಿವಾಗುತ್ತಿತ್ತು. ತಳ ಮಾತ್ರ ಅವರು ಯಾರಿಗೂ ತೋರಿಸಿದವರಲ್ಲ. ನನಗೆ ಅದು ಕಂಡದ್ದು ಡಬ್ಲಿನ್ನಿನಲ್ಲಿ.

ನಾವು ಬೀಗರು. ನನ್ನ ಮಗ ಶೋಧನ್ ಅವರ ಮಗಳು ಸುರಕ್ಷಾಳನ್ನು ಮದುವೆಯಾದವನು. ಆ ಮದುವೆಯ ದಿನ ಮಂಟಪದ ಬದಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಹುಡುಗಿಯ ಸೋದರಮಾವನ ಕುರ್ಚಿ. ನಮ್ಮ ಬಂಟರಲ್ಲಿ ಸೋದರಮಾವ ಎಂದರೆ ಸಣ್ಣ ಆಸಾಮಿಯಲ್ಲ. ಅವನಿಲ್ಲದೆ ಶುಭಕಾರ್ಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ.

"ಯಾರನ್ನಾದ್ರೂ ಕೂರಿಸುವ ಕಾಂತಿಯಕ್ಕ. ಫೋಟೋದಲ್ಲಿ ಹಲ್ಲು ಬಿದ್ದ ಹಾಗೆ ಕಾಣ್ತದೆ" ಅಂದೆ.

"ಕಾಣಲಿ. ಅವನು ಬಂದ್ರೆ ಮತ್ತೆ ನಿಮ್ಮ ತೊಡೆ ಮೇಲೆ ಕೂರುವುದಾ?"

ಅವನು ಎಂದರೆ ಮುಂಡಪ್ಪಣ್ಣ, ಕಾಂತಿಯಕ್ಕನ ಅಣ್ಣ. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದವರು, ಅಲ್ಲಿಂದ ಹಡಗಿನ ಅಡುಗೆಮನೆ ಸೇರಿದವರು. ಕೆಲವು ಸಮಯ ಸುದ್ದಿ ಬರುತ್ತಿತ್ತು. ಆಮೇಲೆ ನಿಂತಿತು. ಸತ್ತರೆಂದು ಹೇಳಿದವರೂ ಇಲ್ಲ, ಕಂಡೆನೆಂದು ಹೇಳಿದವರೂ ಇಲ್ಲ. ಗಂಡ ತೀರಿಹೋದ ಮೇಲೂ ಕಾಂತಿಯಕ್ಕ ಹೋಟೆಲನ್ನು ಹೆದ್ದಾರಿಯ ಅಂಚಿನಲ್ಲೇ ಇಟ್ಟುಕೊಂಡು ಕೂತದ್ದು ವ್ಯಾಪಾರಕ್ಕೆ ಎಂದು ನಾನು ತಿಳಿದಿದ್ದೆ. ವ್ಯಾಪಾರವೂ ಹೌದು. ಆದರೆ ಬಸ್ಸಿನಿಂದ ಇಳಿಯುವವನ ಮುಖ ಮೊದಲು ಕಾಣುವುದು ಅಲ್ಲಿಂದಲೇ. ರಸ್ತೆ ಅಗಲವಾದಾಗ ಹೋಟೆಲು ಹೋಯಿತು. ಪರಿಹಾರದ ಮಾತು ಯಾರೋ ತೆಗೆದರೆ, "ಇನ್ನು ಅವನಿಗೆ ಗುರುತು ಸಿಗುವುದು ಹೇಗೆ?" ಎಂದರಂತೆ.

ಕಷ್ಟ ಇದ್ದದ್ದು ಜಡಿಮಳೆಯ ಆಟಿ ತಿಂಗಳಿನಲ್ಲಿ. ಆಟಿಯಲ್ಲಿ ನಮ್ಮ ಕುಟುಂಬಗಳಲ್ಲಿ ಸತ್ತವರಿಗೆ ಬಡಿಸುತ್ತೇವೆ. ಒಳಕೋಣೆಯಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಳೆಎಲೆ. ಕೋಳಿ, ರೊಟ್ಟಿ, ಕುಡಿಯುತ್ತಿದ್ದವರಿಗೆ ಒಂದಿಷ್ಟು ಕುಡಿಯಲು. ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣಲೆಂದು ನಾವು ಹೊರಗೆ ನಿಲ್ಲುತ್ತೇವೆ. ಕೊಕ್ಕಡದ ಅವರ ಕುಟುಂಬದ ಮನೆಯಲ್ಲಿ ಮುಂಡಪ್ಪಣ್ಣನಿಗೆ ಮಾತ್ರ ಎಲೆ ಇರಲಿಲ್ಲ. "ನನ್ನ ಮಗನಿಗೆ ಎಲೆ ಹಾಕಬೇಡಿ" ಎಂದು ತಾಯಿ ಕಣ್ಣು ಮುಚ್ಚುವಾಗ ಕಾಂತಿಯಕ್ಕನ ಕೈ ಹಿಡಿದು ಹೇಳಿ ಹೋಗಿದ್ದರು. ಹಾಕಿದರೆ, ಬದುಕಿರುವ ಅಣ್ಣನನ್ನು ತಾನೇ ಸಾಯಿಸಿದ ಹಾಗೆ. ಹಾಕದಿದ್ದರೆ, ಒಂದು ವೇಳೆ ಸತ್ತಿದ್ದರೆ, ಅಣ್ಣ ಎಲ್ಲೋ ಹಸಿದು ತಿರುಗುತ್ತಿರಬೇಕು. ಹೋಟೆಲು ನಡೆಸಿ ಸಾವಿರ ಜನರಿಗೆ ಬಡಿಸಿದ ಕೈಗೆ ಈ ಒಂದು ಎಲೆಯ ತೀರ್ಮಾನ ಆಗುತ್ತಿರಲಿಲ್ಲ.

ಸುರಕ್ಷಾ ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸು. ಶೋಧನ್ ಅಲ್ಲೇ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ಮಗು ಹುಟ್ಟಿದಾಗ ಕಾಂತಿಯಕ್ಕ ಹೊರಟರು. ನನ್ನವಳು ಮೊಣಕಾಲು ತೋರಿಸಿ ಊರಲ್ಲೇ ಉಳಿದಳು. ಟಿಕೆಟು ಹಾಳಾಗಬಾರದೆಂದು ನಾನು ಹೋದೆ. ಅಲ್ಲಿ ತಲುಪಿದ ಕೆಲವೇ ದಿನಗಳಲ್ಲಿ ಸೊಸೆ ನಮ್ಮಿಬ್ಬರನ್ನೂ ಹೊರಗೆ ಅಟ್ಟಿದಳು.

"ಮಾವ, ನೀವಿಬ್ರೂ ಮಾತಾಡುವುದು ಅಂದ್ರೆ ಬಿ.ಸಿ. ರೋಡ್ ಬಸ್‌ಸ್ಟ್ಯಾಂಡ್. ಮಗು ಮಲಗುವುದು ಬೇಡ್ವಾ? ಊರು ನೋಡಿ ಬನ್ನಿ. ಪಾರ್ಕು, ಮ್ಯೂಸಿಯಂ, ಚಿತ್ರದ ಗ್ಯಾಲರಿ, ಎಲ್ಲ ಫ್ರೀ."

ಫ್ರೀ ಎಂಬ ಮಾತು ಕೇಳಿದರೆ ನನಗೆ ಭಯ. ಕುಕ್ಕರಿನ ಜೊತೆ ಚಮಚ ಫ್ರೀ ಕೊಡುವವನು ನಾನು. ಚಮಚದ ಬೆಲೆ ಎಲ್ಲಿ ಕೂತಿರುತ್ತದೆ ಎಂದು ನನಗೆ ಗೊತ್ತು. ಹಾಗಾಗಿ ಹೋದಲ್ಲೆಲ್ಲ ಬಾಗಿಲ ಹಿಂದೆ ಯಾರಾದರೂ ರಶೀದಿ ಹಿಡಿದು ನಿಂತಿದ್ದಾರೆಯೇ ಎಂದು ನೋಡುತ್ತಿದ್ದೆ. ಯಾರೂ ಇರಲಿಲ್ಲ. ನಮ್ಮ ಒಂದು ಗ್ರಾಮದಷ್ಟು ದೊಡ್ಡ ಪಾರ್ಕು, ಅದರಲ್ಲಿ ಬಯಲಲ್ಲೇ ಮೇಯುವ ಜಿಂಕೆಗಳು. ಗ್ಯಾಲರಿಯಲ್ಲಿ ಆಳೆತ್ತರದ ಚಿತ್ರಗಳು. ನಾವು ಬಾಯಿ ತೆರೆದು ನಿಂತರೆ ಕಾವಲಿನವರು ನಗುತ್ತಾ ಕೂರಲು ಬೆಂಚು ತೋರಿಸಿದರು.

"ಇದರಲ್ಲಿ ಏನೋ ಉಂಟು ಕಾಂತಿಯಕ್ಕ. ಇಷ್ಟೆಲ್ಲ ಸುಮ್ಮನೆ ತೋರಿಸ್ತಾರಾ?"

"ಧರ್ಮಸ್ಥಳದಲ್ಲಿ ಉಂಡು ಬರುವಾಗ ಇದನ್ನು ಕೇಳ್ತೀರಾ ಶೆಟ್ರೇ? ಎರಡನೇ ಸಲ ಪಾಯಸ ಹಾಕಿಸಿಕೊಳ್ತೀರಿ, ಅಷ್ಟೇ."

ಎಂದು ಹೇಳಿ, ಗೋಡೆಯ ಬದಿಯ ಗಾಜಿನ ಡಬ್ಬಿಗೆ ಒಂದು ನಾಣ್ಯ ಹಾಕಿ ಕೈ ಮುಗಿದರು. ಅವರಿಗೆ ಅದು ಕಾಣಿಕೆ ಡಬ್ಬಿ.

ಒಂದು ದಿನ ಕಿಲ್ಡೇರ್ ಬೀದಿಯ ಮ್ಯೂಸಿಯಮ್ಮಿಗೆ ಹೋದೆವು. ಒಳಗೆ ಹೆಜ್ಜೆ ಇಟ್ಟಲ್ಲಿ ಎತ್ತರದ ಗುಮ್ಮಟ, ಕೆಳಗೆ ಬಣ್ಣದ ಚೂರುಗಳ ನೆಲ. ಕಾಂತಿಯಕ್ಕ ಗಕ್ಕನೆ ನಿಂತರು. ನೆಲದಲ್ಲಿ ಹನ್ನೆರಡು ರಾಶಿಗಳ ಚಿತ್ರ ಇತ್ತು. ಜನ ಅದರ ಮೇಲೆಯೇ ನಡೆಯುತ್ತಿದ್ದರು.

"ಮಾರಾಯ್ರೆ, ಏಡಿ! ನನ್ನ ಕರ್ಕಾಟಕ ರಾಶಿ. ನೀವೂ ಮೆಟ್ಟಬೇಡಿ, ನನಗೆ ಶನಿ ಈಗಷ್ಟೇ ಬಿಟ್ಟದ್ದು."

ಗೋಡೆಗೆ ಅಂಟಿಕೊಂಡು ಇಬ್ಬರೂ ಸುತ್ತು ಹಾಕಿ ಹೋದೆವು. ಚಿನ್ನದ ಕಪಾಟುಗಳ ಮುಂದೆ ನಾನು ನನ್ನ ಲೆಕ್ಕದಲ್ಲಿದ್ದೆ: ಇದು ಎಷ್ಟು ಪವನು, ಇದರ ಕೂಲಿ ಎಷ್ಟು. ತಿರುಗಿ ನೋಡಿದರೆ ಕಾಂತಿಯಕ್ಕ ಇಲ್ಲ.

ಮಬ್ಬು ಬೆಳಕಿನ, ಬಸವನಹುಳದ ಚಿಪ್ಪಿನ ಹಾಗೆ ತಿರುಗುವ ಒಂದು ಕೋಣೆಯಲ್ಲಿ ಅವರು ನಿಂತಿದ್ದರು. ಗಾಜಿನ ಒಳಗೆ ಒಬ್ಬ ಮನುಷ್ಯ ಮಲಗಿದ್ದ. ಮಲಗಿದ್ದ ಎಂದರೆ, ಅವನ ತಲೆ ಇರಲಿಲ್ಲ, ಸೊಂಟದ ಕೆಳಗೆ ಏನೂ ಇರಲಿಲ್ಲ. ಎದೆ ಮತ್ತು ಕೈಗಳು ಮಾತ್ರ. ಕಪ್ಪು ಜೌಗು ಮಣ್ಣಿನಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕೆಡದೆ ಇದ್ದವನಂತೆ. ಚರ್ಮ ಹಳೆಯ ತೊಗಲಿನ ಚೀಲದ ಹಾಗೆ ಹೊಳೆಯುತ್ತಿತ್ತು. ಆದರೆ ಆ ಕೈ! ಉಗುರುಗಳು ಹಾಗೇ ಇದ್ದವು. ಬೆರಳ ಗೆರೆಗಳು ಹಾಗೇ ಇದ್ದವು.

"ರೇಷನ್ ಅಂಗಡಿಯ ಮಿಷನಿನಲ್ಲಿ ನನ್ನ ಬೆರಳು ತಗೊಳ್ಳುವುದಿಲ್ಲ. ಇವನದ್ದು ತಗೊಂಡೀತು" ಎಂದರು ಕಾಂತಿಯಕ್ಕ. ತಮಾಷೆಯೇ, ಆದರೆ ದನಿಯಲ್ಲಿ ಕಂಚು ಇರಲಿಲ್ಲ. ಅಲ್ಲಿ ನಿಂತಿದ್ದ ಕಾವಲಿನ ಹೆಂಗಸಿನ ಕಡೆ ಕೈ ತೋರಿಸಿ, "ಕೇಳಿ ಶೆಟ್ರೇ, ಇವನಿಗೆ ಮದುವೆ ಆಗಿತ್ತಾ?" ಎಂದರು.

ಪಾತ್ರೆ ಮಾರುವ ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ನಗಲಿಲ್ಲ. ಸಾಯುವಾಗ ಅವನು ಎಳೆಯ ವಯಸ್ಸಿನವನು, ಯಾರೋ ಕೊಂದದ್ದು, ಬೇರೆ ಏನೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ ಎಂದಳು.

"ಅವನಿಗೆ ಯಾರು ಬಡಿಸ್ತಾರೆ ಅಂತ ಕೇಳಿ."

ಅದನ್ನು ಇಂಗ್ಲಿಷಿಗೆ ತಿರುಗಿಸುವುದು ನನ್ನಿಂದ ಆಗಲಿಲ್ಲ. ಕಾಂತಿಯಕ್ಕ ಗಾಜಿನ ಹತ್ತಿರ ಬಗ್ಗಿ, ಊರಿನ ತುಳುವಿನಲ್ಲಿ, ಮಗುವಿನ ಹತ್ತಿರ ಮಾತಾಡುವ ಹಾಗೆ, "ನಿನ್ನ ತಂಗಿ ಎಷ್ಟು ಸಮಯ ದಾರಿ ನೋಡಿದಳು ಮಗಾ?" ಎಂದರು. ಅಂಗಡಿಗೆ ಬಂದ ಎಷ್ಟೋ ಪುರಾತನ ಸಾಮಾನು ನೋಡಿದ್ದೇನೆ, ಎಲ್ಲಕ್ಕೂ ಬೆಲೆ ಕಟ್ಟಿದ್ದೇನೆ. ಆ ಕೈಯ ಎದುರು, ಈ ಹೆಂಗಸಿನ ಪಕ್ಕದಲ್ಲಿ, ನನ್ನ ಲೆಕ್ಕ ನಡೆಯಲಿಲ್ಲ.

ಹೊರಗೆ ಬಂದು ತುಸು ನಡೆದ ಮೇಲೆ ಅವರಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಆ ಊರಲ್ಲಿ ಅದಕ್ಕೆ ಹತ್ತಿರದ ದಾರಿ ಪಬ್. ಎದುರಿಗೇ ಒಂದಿತ್ತು: ಕಪ್ಪು ಮರದ ಮುಂಬಾಗಿಲು, ಮೇಲೆ ಯಜಮಾನರ ಕುಟುಂಬದ ಹೆಸರು.

"ಬಾರಿನ ಒಳಗೆ ನಾನಾ? ಊರಲ್ಲಿ ಗೊತ್ತಾದ್ರೆ?"

"ಊರಿಗೆ ಹೇಳ್ಲಿಕ್ಕೆ ಇಲ್ಲಿರುವುದು ನಾನೊಬ್ಬ. ನಾನು ಬಾಯಿ ಬಿಡುವುದಿಲ್ಲ" ಎಂದೆ. ಬಾಯಿ ಬಿಟ್ಟಿಲ್ಲ, ಬರೆಯುತ್ತಿದ್ದೇನೆ.

ನಮ್ಮ ಕಡೆಯ ಬಾರು ಎಂದರೆ ಪರದೆ, ಕತ್ತಲು, ತಲೆ ತಗ್ಗಿಸಿ ಹೊರಬರುವ ಗಂಡಸರು. ಇಲ್ಲಿ ತಳ್ಳುಗಾಡಿಯಲ್ಲಿ ಮಲಗಿದ ಮಗು, ಅಜ್ಜಿ, ಮೇಜಿನ ಕೆಳಗೆ ಒಂದು ನಾಯಿ. ಬಾತ್‌ರೂಮಿನಿಂದ ಹೊರಬಂದ ಕಾಂತಿಯಕ್ಕ ಹೋಟೆಲಿನವರ ಕಣ್ಣಿನಲ್ಲಿ ಎಲ್ಲ ಅಳೆದರು. ಕೌಂಟರಿನ ಹೆಂಗಸು ಕಪ್ಪು ಬಿಯರನ್ನು ಮುಕ್ಕಾಲು ಸುರಿದು, ನೊರೆ ಇಳಿಯುವವರೆಗೆ ಕೈ ಕಟ್ಟಿ ನಿಂತು, ಮತ್ತೆ ತುಂಬಿದಳು. "ಒಂದು ಚಾಕ್ಕೆ ನಾನು ಹೀಗೆ ಮಾಡಿದ್ರೆ ಗಿರಾಕಿ ಪುತ್ತೂರು ಮುಟ್ಟುತ್ತಿದ್ದ" ಎಂದರು. ಆದರೂ ಕೂತರು. ಏನೂ ಕೊಳ್ಳದೆ ಕೂತ ನಮ್ಮನ್ನು ಯಾರೂ ಏಳಿಸಲಿಲ್ಲ.

ಮೂಲೆಯಲ್ಲಿ ಕೆಲವರು ಪಿಟೀಲು, ಕೊಳಲು ಹಿಡಿದು ನುಡಿಸುತ್ತಿದ್ದರು. ನಮ್ಮ ಕಡೆ ಮುಖ ಮಾಡಿ ಅಲ್ಲ. ಭಜನೆಗೆ ಕೂತವರ ಹಾಗೆ ಒಬ್ಬರಿಗೊಬ್ಬರು ಎದುರಾಗಿ. ನಡುವೆ ಒಬ್ಬಾತ ವಾದ್ಯವಿಲ್ಲದೆ, ಕಣ್ಣು ಮುಚ್ಚಿ ಹಾಡತೊಡಗಿದ. ಮಾತಾಡುತ್ತಿದ್ದವರು ಗ್ಲಾಸು ಕೆಳಗಿಟ್ಟು ಅವನ ಕಡೆ ತಿರುಗಿದರು. ಕೌಂಟರಿನವಳೂ ಗ್ಲಾಸು ಒರೆಸುವುದು ನಿಲ್ಲಿಸಿದಳು. ಹಾಡು ಮುಗಿದಾಗ ಕಾಂತಿಯಕ್ಕನ ಕಣ್ಣು ಒದ್ದೆಯಾಗಿತ್ತು. ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಮುದುಕರಿದ್ದರು. ಹಾಡು ಯಾವುದರ ಬಗ್ಗೆ ಎಂದು ನಾನು ಅವರಲ್ಲಿ ಕೇಳಿದೆ.

ಹಡಗು ಹತ್ತಿ ಹೋಗಿ ತಿರುಗಿ ಬಾರದವನ ಬಗ್ಗೆ, ಎಂದರು. ಮತ್ತೆ, ನಾವು ಕೇಳದೆಯೇ, ತಮ್ಮ ಅಜ್ಜಿಯ ಕಾಲದ ಕಥೆ ಹೇಳಿದರು. ಪಶ್ಚಿಮದ ಹಳ್ಳಿಗಳಲ್ಲಿ ಮನೆಯ ಹುಡುಗ ಅಮೆರಿಕಕ್ಕೆ ಹೊರಟರೆ, ಹಿಂದಿನ ರಾತ್ರಿ ಸತ್ತವರಿಗೆ ಮಾಡುವ ಜಾಗರಣೆಯನ್ನು ಅವನಿಗೆ ಮಾಡುತ್ತಿದ್ದರಂತೆ. ಊಟ, ಕುಡಿತ, ಹಾಡು, ಅಳು, ಎಲ್ಲ. ಅವನು ನಡುವೆ ಕೂತಿರುತ್ತಿದ್ದ, ಜೀವಂತ. ಇನ್ನು ನೋಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನಾನು ತುಳುವಿಗೆ ತಿರುಗಿಸಿ ಹೇಳಿದೆ. ಕಾಂತಿಯಕ್ಕ ಕುರ್ಚಿಯ ತುದಿಗೆ ಬಂದರು.

"ಬದುಕಿದ್ದವನಿಗೇ? ಅಪಶಕುನ ಅಲ್ವಾ? ಕೇಳಿ, ಮತ್ತೆ ಅವನು ತಿರುಗಿ ಬಂದ್ರೆ?"

ಮುದುಕರು ನಕ್ಕರು. "ನನ್ನ ಅಜ್ಜಿಯ ಅಣ್ಣ ಮುದುಕನಾಗಿ ಬಂದ. 'ನಿನ್ನದು ಒಳ್ಳೆಯ ಜಾಗರಣೆ ಆಗಿತ್ತು, ಈಗ ಇನ್ನೊಂದು ಗ್ಲಾಸು ಕುಡಿ' ಅಂದರು ಮನೆಯವರು. ಮಾಡಿದ್ದು ಸತ್ತ ಅಂತ ಅಲ್ಲ. ಹೋದ ಅಂತ."

ಕಾಂತಿಯಕ್ಕನ ಮುಖ ನೋಡಿದೆ. ಎಷ್ಟೋ ಕಾಲ ತಿರುಗದಿದ್ದ ಬೀಗ ತಿರುಗುವಾಗ ಕೀಲಿ ಹಿಡಿದವರ ಮುಖ ಹಾಗಾಗುತ್ತದೆ.

"ಶೆಟ್ರೇ, ಅಣ್ಣನಿಗೆ ಒಂದು ಹೇಳಿ. ಆ ಕಪ್ಪಿನದ್ದು. ದುಡ್ಡು ನಾನು ಕೊಡ್ತೇನೆ."

ಗ್ಲಾಸು ಬಂತು. ಎದುರಿನ ಖಾಲಿ ಸ್ಟೂಲಿನ ಮುಂದೆ ಅವರೇ ಅದನ್ನು ಇಟ್ಟರು, ಹಿಡಿಯಲು ಸುಲಭವಾಗುವ ಹಾಗೆ ಬಲಗಡೆಗೆ. ಮುದುಕರು ಏನೂ ಕೇಳದೆ ಟೋಪಿ ತೆಗೆದರು. ಮೂಲೆಯವರು ಮತ್ತೆ ನುಡಿಸತೊಡಗಿದರು. ಡಬ್ಲಿನ್ನಿನಲ್ಲಿ ಫ್ರೀಯಾಗಿ ನೋಡಿದ್ದರಲ್ಲಿ ಯಾವುದು ದೊಡ್ಡದು ಎಂದು ಈಗ ಯಾರಾದರೂ ಕೇಳಿದರೆ, ಆ ಸ್ಟೂಲು ಎನ್ನುತ್ತೇನೆ.

ನೊರೆ ತಗ್ಗಿದ ಮೇಲೆ ಅವರು ಎದ್ದರು. "ಕುಡೀರಿ ಶೆಟ್ರೇ. ಬದುಕಿದ್ದಾನೆ ಅಂತ ಇಟ್ಟದ್ದು. ಹಾಳು ಮಾಡಬಾರದು."

ಕುಡಿದೆ. ಕಹಿ ಇತ್ತು. ಹೇಳಲಿಲ್ಲ.

ಆಟಿಯ ಹೊತ್ತಿಗೆ ನಾವು ಊರಲ್ಲಿದ್ದೆವು. ಕೊಕ್ಕಡದ ಮನೆಯಲ್ಲಿ ಬಡಿಸುವ ದಿನ ನನಗೂ ಊಟಕ್ಕೆ ಹೇಳಿಕೆ ಇತ್ತು, ಆದರೆ ಅಂಗಡಿಗೆ ಮದುವೆ ಮನೆಯವರು ಬಂದು ಕೊಪ್ಪರಿಗೆಗೆ ಚೌಕಾಸಿ ಮಾಡುತ್ತಾ ಕೂತದ್ದರಿಂದ ತಡವಾಯಿತು. ನಾನು ತಲುಪುವ ಮೊದಲು ನಡೆದದ್ದನ್ನು ಆಮೇಲೆ ಕೇಳಿದ್ದು. ಒಳಕೋಣೆಯಲ್ಲಿ ಸತ್ತವರಿಗೆಲ್ಲ ಎಲೆ ಹಾಕಿ ಬಾಗಿಲು ಮುಚ್ಚಿದ ಮೇಲೆ ಕಾಂತಿಯಕ್ಕ ಇನ್ನೊಂದು ಎಲೆ ತಂದು, ಹೊರಗೆ ಚಾವಡಿಯಲ್ಲಿ, ಅಂಗಳದ ದಾರಿಗೆ ಎದುರಾಗಿ ಹಾಸಿದರಂತೆ. ಮನೆಯ ಯಜಮಾನರು ತಡೆದರಂತೆ.

"ಯಾರಿಗೆ ಕಾಂತಿ ಅದು?"

"ಅಣ್ಣನಿಗೆ."

"ಮತ್ತೆ ಒಳಗೆ ಹಾಕು. ಬಾಗಿಲು ಮುಚ್ಚಬೇಕು."

"ಒಳಗಿನದ್ದು ಸತ್ತವರಿಗೆ. ಇವನು ಹೋದವನು, ಅಷ್ಟೇ. ಅಮ್ಮ ಹೇಳಿದ್ದು ಸತ್ತವರ ಸಾಲಿಗೆ ಹಾಕಬೇಡ ಅಂತ. ಉಪವಾಸ ಹಾಕು ಅಂತ ಅಲ್ಲ. ಇವನ ಎಲೆಗೆ ಬಾಗಿಲು ತೆರೆದಿರಬೇಕು."

"ಇದು ಯಾವ ಊರಿನ ಕ್ರಮ?"

"ಐರ್ಲೆಂಡಿನದ್ದು. ಶೆಟ್ರನ್ನು ಕೇಳಿ."

ಬಡಿಸಿ, ಎಲ್ಲರೂ ಗೋಡೆಯ ಬದಿಗೆ ಸರಿದು, ತೆರೆದ ಬಾಗಿಲಿನ ಕಡೆ ಮುಖ ಮಾಡಿ ನಿಂತಿದ್ದರು. ಯಜಮಾನರೂ ನಿಂತರು.

ನಾನು ಅಂಗಳಕ್ಕೆ ಕಾಲಿಟ್ಟದ್ದು ಆಗ. ಕೊಡೆಯ ಅಡಿಯಲ್ಲಿ ಮುಖ ಕಾಣುತ್ತಿರಲಿಲ್ಲ. ವಯಸ್ಸೂ ಹೆಚ್ಚುಕಮ್ಮಿ ಮುಂಡಪ್ಪಣ್ಣನದೇ. ಒಳಗಿನಿಂದ ಒಂದು ಉಸಿರು ಎಳೆದ ಸದ್ದು ಕೇಳಿಸಿತು, ಇಡೀ ಕುಟುಂಬದ್ದು. ಕೊಡೆ ಮಡಚಿ ತಲೆ ಎತ್ತಿದೆ. ಕಾಂತಿಯಕ್ಕ ಮೆಟ್ಟಿಲಿನವರೆಗೆ ಬಂದಿದ್ದರು, ಎರಡೂ ಕೈ ಮುಂದೆ. ಅಷ್ಟು ದೊಡ್ಡ ನೋಟವನ್ನು ನನ್ನ ಜೀವಮಾನದಲ್ಲಿ ಯಾರೂ ನನ್ನ ಮೇಲೆ ಇಟ್ಟಿರಲಿಲ್ಲ. ಅದು ನನ್ನದಲ್ಲ ಎಂದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಆದರೆ ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ನನ್ನ ಕೊಡೆ ಇಸಕೊಂಡರು.

"ಬನ್ನಿ ಶೆಟ್ರೇ. ಕಾಲು ತೊಳೆದು ಕೂತುಕೊಳ್ಳಿ."

"ಅದು ಮುಂಡಪ್ಪಣ್ಣನ ಎಲೆಯಲ್ವಾ?"

"ಹೌದು. ಅವನು ಇವತ್ತು ಬರ್ಲಿಲ್ಲ. ಬದುಕಿದವರ ಎಲೆ ತಣಿಯಬಾರದು. ಇನ್ನೊಂದು ರೊಟ್ಟಿ ಹಾಕ್ಲಾ?"

ಎಲ್ಲರ ಎದುರು, ತೆರೆದ ಬಾಗಿಲಿಗೆ ಮುಖ ಮಾಡಿ ನಾನು ಉಂಡೆ. ಕಾಂತಿಯಕ್ಕ ಪಕ್ಕದಲ್ಲಿ ಕೂತು ಬಡಿಸಿದರು, ದಾರಿಯ ಕಡೆ ನೋಡುತ್ತಾ. ಆದರೆ ಆ ನೋಟದಲ್ಲಿ ಮೊದಲಿನ ಹೆದರಿಕೆ ಇರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿತ್ತಾ ಎಂದು ಎರಡು ಸಲ ಕೇಳಿದರು.

ಒಂದು ಗ್ಲಾಸು ಕಪ್ಪು ಬಿಯರು, ಒಂದು ಆಟಿಯ ಊಟ. ಎರಡೂ ಮುಂಡಪ್ಪಣ್ಣನ ಹೆಸರಿನವು, ಎರಡನ್ನೂ ಮುಗಿಸಿದವನು ನಾನು. ಅವರು ಬಂದ ದಿನ, ಅಣ್ಣ ತಂಗಿ ಇಬ್ಬರನ್ನೂ ನನ್ನ ಮನೆಯಲ್ಲಿ ಕೂರಿಸಿ ಬಡಿಸುವುದು ನನ್ನ ಬಾಕಿ.